ಹತ್ತೂ ನಲವತ್ತರ ಕರೆ

11 ಜನವರಿ 2021, ಬೆಳಿಗ್ಗೆ 8

ಕಾಫಿ ಮತ್ತೆ ಗದ್ದಕ್ಕೆ ಇಳಿಯಿತು. ಗೊತ್ತೇ ಆಗಲಿಲ್ಲ. "ಮ್ಯಾಮ್, ಯುವರ್ ಚಿನ್," ಎಂದು ಮಗಳು ನೀರಜಾ ಟಿಶ್ಯೂ ಕೊಟ್ಟಳು; ಅಮ್ಮನನ್ನು ಇಲ್ಲಿನ ಮಕ್ಕಳಂತೆ ‘ಮ್ಯಾಮ್’ ಅನ್ನುತ್ತಾಳೆ. ನಾಚಿಕೆಯಾಯಿತು. ಬುದ್ಧಿಹಲ್ಲು ಕೀಳಿಸಿ ಹತ್ತು ವಾರ, ಕೆಳತುಟಿ ಇನ್ನೂ ಮರಗಟ್ಟಿದೆ. ಹಲ್ಲು ಕಿತ್ತ ಡಾಕ್ಟರ್ ಲಾಯ್ಡ್ "ಸರಿಹೋಗತ್ತೆ" ಅನ್ನುತ್ತಾನೆ. ಈ ಪರದೇಶದಲ್ಲಿ ಮಂಗಳೂರಿನವನು, ನಮ್ಮವನು ಎಂದು ನಂಬಿ ಹೋದೆ. ಏನೋ ಮುಚ್ಚಿಡುತ್ತಿದ್ದಾನೆ...

29 ಜನವರಿ

ಪಕ್ಕದ ಊರು ಮೇನೂತಿನ ವಕೀಲೆ, ಸಾಲಿಸಿಟರ್ ಜೆನಿಫರ್ ಜೊತೆ ಝೂಮ್. ಉಡುಪಿಯವರು, ನೇರ ಮಾತು.

"ಮರಗಟ್ಟಿದೆ ಅಂದ್ರೆ ಸಾಲದು. ಎಚ್ಚರದಿಂದ ಕಿತ್ತರೂ ತುಟಿಯ ನರಕ್ಕೆ ಏಟಾಗಬಹುದು. ಬೇರೆ ಡೆಂಟಿಸ್ಟ್ ಫೈಲ್ ನೋಡಿ ತಪ್ಪು ನಡೆದಿದೆ ಅನ್ನಬೇಕು. ಆ ತಪ್ಪಿಂದ್ಲೇ ಹೀಗಾಯ್ತು ಅಂತಾನೂ ತೋರಿಸ್ಬೇಕು. ಅಪಾಯ ಇದೆ ಅಂತ ಮೊದ್ಲೇ ಹೇಳಿದ್ರಾ?"

"ಒಂದು ಮಾತೂ ಇಲ್ಲ. ಹೇಳಿದ್ರೆ ಕೀಳಿಸ್ತಾನೇ ಇರ್ಲಿಲ್ಲ."

"ಹಾಗಾದ್ರೆ ಅದೇ ನಮ್ಮ ಕೇಸ್. ರೆಕಾರ್ಡ್ಸ್ ಕೇಳಿ."

ನನ್ನ ಗಂಡ ಗುರುದತ್ ಮಾತ್ರ, "ಬಿಟ್ಬಿಡೇ, ನಮ್ಮೋರ ಜೊತೆ ಕೋರ್ಟ್ ಯಾಕೆ?" ಅಂದರು. ತುಟಿ ಹೋದದ್ದು ನನ್ನದು, ಕನಿಕರ ಅವನ ಮೇಲೆ!

3 ಮಾರ್ಚ್

ಫೈಲ್ ಬಂತು. ಹಲ್ಲು ಕೀಳುವ ಹಿಂದಿನ ದಿನ, ಬೆಳಿಗ್ಗೆ ಹತ್ತೂ ನಲವತ್ತು: ‘ಕೋವಿಡ್ ಕಾರಣ ಫೋನಿನಲ್ಲೇ ನರದ ಅಪಾಯ ವಿವರಿಸಿದೆ. ಒಪ್ಪಿಗೆ ಸಿಕ್ಕಿದೆ.’

ಸುಳ್ಳು. ಆ ಹೊತ್ತಿಗೆ ನಾನು ದಿನವೂ ಟೀಮ್ ಮೀಟಿಂಗ್‌ನಲ್ಲಿ. ಫೋನ್ ಜಾಲಾಡಿದೆ, ಅಂಥ ಕರೆಯೇ ಇಲ್ಲ. ಆಮೇಲೆ ಬರೆದು ತುರುಕಿದ್ದಾನೆ, ಕಳ್ಳ.

24 ಮಾರ್ಚ್

ಕ್ಲಿನಿಕ್‌ನವರು ಫೋನ್ ಬಿಲ್ ಕಳಿಸಿದ್ದಾರೆ. ಕರೆ ಹೋಗಿದೆ. ಆರು ನಿಮಿಷ. ನಂಬರಿನ ಕೊನೆ 306. ನನ್ನದಲ್ಲ — ಗುರುದತ್ ಅವರದು. ದೇಶ ಬಿಟ್ಟು ಈ ಲೂಕನ್ ಊರಿಗೆ ಬಂದಾಗಿನಿಂದ ಎಲ್ಲ ಫಾರ್ಮ್ ತುಂಬುವವರು ಅವರೇ. "ನಿಂಗ್ಯಾಕೆ ತಲೆನೋವು" ಅನ್ನುತ್ತಾ.

ಕೇಳಿದೆ. ಪಾತ್ರೆ ತೊಳೆಯುತ್ತಲೇ ಹೇಳಿದರು: "ನೀನು ಮೀಟಿಂಗ್‌ನಲ್ಲಿದ್ದೆ. ಹೇಳಿದ್ರೆ ಹೆದರ್ಕೊಳ್ತಿದ್ದೆ. ಗ್ರ್ಯಾಂಡ್, ಅವಳಿಗೆ ಹೇಳ್ತೀನಿ ಅಂತ ಡಾಕ್ಟರ್‌ಗೆ ಅಂದೆ." ಗ್ರ್ಯಾಂಡ್ — ಎಲ್ಲ ಸರಿ ಅನ್ನಲು ಇಲ್ಲಿನವರ ಮಾತು.

25 ಮಾರ್ಚ್

ಜೆನಿಫರ್‌ಗೆ ಉತ್ಸಾಹ. "ಕೇಳ್ಬೇಕಿದ್ದು ನಿಮ್ಮನ್ನ, ಗಂಡನನ್ನಲ್ಲ. ಕೇಸ್ ಗಟ್ಟಿಯಾಯ್ತು. ಆದ್ರೆ ನಿಮಗೆ ಹೇಳ್ಲಿಲ್ಲ ಅಂತ ಅವ್ರೇ ಪ್ರಮಾಣ ಮಾಡ್ಬೇಕು."

"ಸಾಕ್ಷಿ ಹೇಳ್ತೀರಾ?" ಎಂದು ಗುರುದತ್ ಅವರನ್ನು ಕೇಳಿದೆ. ಎದ್ದು ಹೋದರು.

25 ಮಾರ್ಚ್, ಮಧ್ಯಾಹ್ನ 3

ಫಾರ್ಮ್‌ಗಳ ಡ್ರಾಯರ್ ತೆಗೆದು ಕುಳಿತೆ. ಶಾಲೆ, ಜಿಪಿ ಅನ್ನುವ ಮನೆ ಡಾಕ್ಟರ್, ಆಸ್ಪತ್ರೆ — ಎಲ್ಲದರಲ್ಲೂ 306. ಹೋದ ವರ್ಷ ನನ್ನ ಎದೆಯ ಗಂಟಿನ ಸ್ಕ್ಯಾನ್. ರಿಸಲ್ಟ್ ಫೋನಿನಲ್ಲೇ ಬಂದಿತ್ತು. ಎಲ್ಲ ಗ್ರ್ಯಾಂಡ್ ಎಂದು ನನಗೆ ಹೇಳಿದ್ದು ಡಾಕ್ಟರಲ್ಲ. ಹೇಳಿದ್ದು —