ಕಾಶ್ಯಪ ಗೋತ್ರದ ಹದಿರಾ

ಮಿಲ್ಪಿಟಾಸ್
೧೦ ಸೆಪ್ಟೆಂಬರ್ ೧೯೮೬

ಅಪ್ಪನಿಗೆ ನಮಸ್ಕಾರ.

ಹೋದ ವರ್ಷ ಊರಿಗೆ ಬರುವ ದಾರಿಯಲ್ಲಿ ನಾವು ಸಿರಿಯಾದ ಮರಳುಗಾಡಿನ ಪಾಳುನಗರ ಪಾಲ್ಮೈರಾ ನೋಡಿದೆವಲ್ಲ, ಅಲ್ಲಿಂದ ಅಂಗೈಯಗಲದ ಕಲ್ಲೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದೆ. ತಪ್ಪು ನನ್ನದೇ. ಹೆಣ್ಣಿನ ಮುಖ ಕಂಡು, ಯಾವುದೋ ದೇವಿಯೆಂದು ದೇವರ ಗೂಡಿನಲ್ಲಿಟ್ಟು ದಿನವೂ ಕುಂಕುಮ ಹಚ್ಚಿದೆ. ಬಸಿರಾದ ಮೇಲೆ ಹೂವನ್ನೂ ಇಟ್ಟೆ.

ಮೊನ್ನೆ ಊಟಕ್ಕೆ ಬಂದ ಬರ್ಕ್ಲಿಯ ಪ್ರೊಫೆಸರರೊಬ್ಬರು ಅದರ ಮೇಲಿನ ಎರಡು ಮಾತು ಓದಿದರು: “ಹದಿರಾ. ಅಯ್ಯೋ.” ಸತ್ತವರ ಹೆಸರಿನ ಮುಂದೆ ಆ ಊರವರು ಹಾಗೆ ಕೆತ್ತುತ್ತಿದ್ದರಂತೆ.

“ಗೋರಿ ಕಲ್ಲಿಗೆ ಪೂಜೆ ಮಾಡ್ತಿದ್ಯೇನೇ!” ಎಂದು ನಿಮ್ಮ ಅಳಿಯ ದಂಗಾದರು. ನಾನು ಕುಂಕುಮ ತೊಳೆದೆ. ಪ್ರೊಫೆಸರರ ಮೂಲಕ ಕಲ್ಲು ಪಾಲ್ಮೈರಾದ ಮ್ಯೂಸಿಯಮ್ಮಿಗೆ ವಾಪಸು ಹೋಗುತ್ತಿದೆ.

ನಿಮ್ಮಿಂದ ಒಂದು ಕೆಲಸವಾಗಬೇಕು. ಮಹಾಲಯ ಅಮಾವಾಸ್ಯೆಯ ದಿನ ತರ್ಪಣ ಬಿಡುವಾಗ ಆ ಹದಿರಾಳಿಗೂ ಒಂದು ಬೊಗಸೆ ಎಳ್ಳುನೀರು ಬಿಡಿ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಎನ್ನಬಹುದೆಂದು ನೀವೇ ಹೇಳುತ್ತಿದ್ದಿರಿ.

ಮಾರ್ಚಿನಲ್ಲಿ, ಹುಟ್ಟಿದ ದಿನವೇ ಹೋದ ನನ್ನ ಮಗುವಿಗಾಗಿ ಕೇಳಿದಾಗ, ಹೆಸರಿಡದ ಕೂಸಿಗೆ ತರ್ಪಣವಿಲ್ಲ ಎಂದು ಬರೆದಿದ್ದಿರಿ.

ಇವಳಿಗೆ ಹೆಸರಿದೆ, ಅಪ್ಪ.

ನಿಮ್ಮ ಮಗಳು,
ಮೈಥಿಲಿ