ಅಜ್ಜಿ ಹೇಳುವ ಸಾಲು

ಮಕ್ಕಳ ಮನೆ, ರಾಮನಗರ
ಬುಧವಾರ

ಉಯ್ಯಂಬಳ್ಳಿಯ ಅಂಕಮ್ಮನವರಿಗೆ,

ನಾನು ನಿಮ್ಮ ಮೊಮ್ಮಗಳು ಚಂದನಳಿಗೆ ಇಲ್ಲಿ ಹಾಡು ಹೇಳಿಕೊಡುವ ಟೀಚರ್. ಪತ್ರ ಬಂತೆಂದು ಗಾಬರಿಯಾಗಬೇಡಿ, ಅವಳು ಚೆನ್ನಾಗಿದ್ದಾಳೆ. ಊಟ ಸೇರುತ್ತಿದೆ. ಮುದ್ದೆ ಮಾತ್ರ ನಿಮ್ಮ ಕೈಯದರ ಹಾಗಿಲ್ಲವಂತೆ.

ಶನಿವಾರ ಮಕ್ಕಳಿಗೆ ಅವರವರ ಮನೆಯ ಹಾಡು ಹಾಡಿ ಎಂದೆ. ಚಂದನ ಸೋಬಾನೆ ಪದ ಹೇಳುತ್ತೇನೆಂದು ಎದ್ದು, ಸುಮ್ಮನೆ ನಿಂತಳು. ಆಮೇಲೆ ಒಂದು ಸಾಲು ಹಾಡಿ ಮತ್ತೆ ಸುಮ್ಮನಾದಳು. ಮರೆತಳೆಂದು ಮಕ್ಕಳು ನಕ್ಕರು. ನಾನೂ ನೆನಪಿಸಲು ಹೋದೆ.

"ಮರ್ತಿಲ್ಲ ಮಿಸ್. ಈಗ ನಮ್ಮಜ್ಜಿ ಹೇಳೋ ಸಾಲು. ಅದು ಮುಗೀಲಿ ಅಂತ ಕಾಯ್ತಾ ಇವ್ನಿ" ಅಂದಳು.

ನೀವು ಬಂದರೆ ಅವಳು ಊರಿಗೆ ಬರುತ್ತೇನೆಂದು ಅಳುತ್ತಾಳೆ, ಅದಕ್ಕೇ ಬರುವುದಿಲ್ಲ ಎಂದು ವಾರ್ಡನ್ನರಿಗೆ ಹೇಳಿದ್ದಿರಂತೆ. ಅಳಲಿ, ನಾವಿದ್ದೇವೆ. ಭಾನುವಾರ ಬನ್ನಿ, ಬರಿಗೈಲಿ ಬಂದರೂ ಸರಿ.

ಮಂಡಿನೋವಿಗೆ ಬಸ್ಸು ಹತ್ತಲಾಗದಿದ್ದರೆ, ಈ ಪತ್ರ ಓದಿ ಹೇಳುತ್ತಿರುವವರ ಫೋನಿನಲ್ಲಿ ನಿಮ್ಮ ಸಾಲುಗಳನ್ನು ಹಾಡಿ ಕಳಿಸಿ. ನನ್ನ ನಂಬರು ಲಕೋಟೆಯ ಮೇಲಿದೆ. ಒಂದೊಂದು ಸಾಲಾದ ಮೇಲೂ ಸ್ವಲ್ಪ ನಿಲ್ಲಿಸಿ. ಅಲ್ಲಿ ಅವಳು ಹಾಡಬೇಕು.

ನಿಮ್ಮ ದಾರಿ ಕಾಯುತ್ತಿರುವ,
ವಸಂತಕುಮಾರಿ