ಕಾರಿಡಾರಿನ ಅಣುಗಳು

ಮಾರ್ಚ್ ೧೧, ಮಂಗಳವಾರ.

ಹೊಸ ಲೆಕ್ಚರರ್ ಹುಡುಗಿಯ ಕ್ಲಾಸಿನಲ್ಲಿ ಇವತ್ತೂ ನಗು, ಚಪ್ಪಾಳೆ. ಅನಿಲದ ಅಣುಗಳ ವೇಗದ ಪಾಠವಂತೆ. ಹತ್ತೊಂಬತ್ತು ವರ್ಷದಿಂದ ಅದೇ ಪಾಠ ಮಾಡುತ್ತಿದ್ದೇನೆ, ನನಗೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ನೋಡದೆ ಇರಲಾಗಲಿಲ್ಲ. ಅವಳ ಬಾಗಿಲ ಮುಂದೆ ಮೂರು ಸಲ ಆಮೆಯ ಹಾಗೆ ಹಾದುಹೋದೆ. ನಾಲ್ಕನೇ ಸಲ ಅವಳೇ ಕರೆದಳು.

“ಒಳಗೆ ಬನ್ನಿ ಮೇಡಂ, ಮಜವಾಗಿದೆ ನೋಡಿ!”

“ಅರ್ಜೆಂಟ್ ಕೆಲಸ ಇದ್ಯಮ್ಮ” ಎಂದು ಓಡಿದೆ. ಕೆಲಸವೂ ಇಲ್ಲ, ಮಣ್ಣೂ ಇಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಆ ಕೋಣೆಗೆ ಹೋದೆ. ಕಾರಿಡಾರಿನಲ್ಲಿ ಹಾದುಹೋದವರನ್ನೆಲ್ಲ ಅಣುಗಳೆಂದುಕೊಂಡು, ಹುಡುಗರು ಸ್ಟಾಪ್‌ವಾಚ್ ಹಿಡಿದು ಒಬ್ಬೊಬ್ಬರ ವೇಗಕ್ಕೂ ಬೋರ್ಡಿನ ಮೇಲೆ ಒಂದೊಂದು ಚುಕ್ಕಿ ಇಟ್ಟಿದ್ದರು. ನಡುವೆ ಚುಕ್ಕಿಗಳ ಗುಡ್ಡ, ಬಲಕ್ಕೆ ಉದ್ದ ಬಾಲ. ನಾನು ಪ್ರತಿ ವರ್ಷ ಬರೆಯುವ ಗ್ರಾಫೇ. ಇದು ನನಗೇಕೆ ಹೊಳೆಯಲಿಲ್ಲ? ಹೊಟ್ಟೆ ಉರಿದುಹೋಯಿತು. ಡಸ್ಟರ್ ಕೈಗೆತ್ತಿಕೊಂಡೆ.

ಆಗ ಕಂಡಿತು. ಎಡತುದಿಯಲ್ಲಿ, ಎಲ್ಲರಿಗಿಂತ ನಿಧಾನವಾಗಿ ನಡೆದ ಮೂರು ಚುಕ್ಕಿ. ಬಲತುದಿಯಲ್ಲಿ, ಎಲ್ಲರಿಗಿಂತ ಜೋರಾಗಿ ಓಡಿದ ಒಂದೇ ಒಂದು. ನಾಲ್ಕರ ಪಕ್ಕದಲ್ಲೂ ಹುಡುಗರ ಅಕ್ಷರ: ‘ದೊಡ್ಡ ಮೇಡಂ’.

ಒರೆಸಿದರೆ ಒರೆಸಿದ್ದು ಯಾರೆಂದು ಅವಳಿಗೆ ಗೊತ್ತಾಗುತ್ತದೆ. ಡಸ್ಟರ್ ಇಟ್ಟು ಬಂದೆ. ನಾಳೆ ಆ ಕಾರಿಡಾರಿನಲ್ಲಿ ಯಾವ ವೇಗದಲ್ಲಿ ನಡೆಯಲಿ...